ನಿಲ್ಲುವ ವಿದ್ಯೆಯೂ ದೂರದ ಕಣ್ಣೂ

ನೆಟ್ಟಗೆ ನಿಲ್ಲುವುದೂ ಒಂದು ವಿದ್ಯೆಯೆಂಬುದು, ಆ ವಿದ್ಯೆಯನ್ನು ಒಮ್ಮೆ ಕಳೆದುಕೊಂಡವರನ್ನೂ ಅವರ ಪಕ್ಕದಲ್ಲಿ ಹಗಲಿರುಳು ಕಾದಿರುವವರನ್ನೂ ಬಿಟ್ಟರೆ, ಉಳಿದವರಿಗೆ ಸುಲಭವಾಗಿ ಹೊಳೆಯತಕ್ಕ ಮಾತಲ್ಲ. ವರ್ಷ ತುಂಬುವ ಹೊತ್ತಿಗೆ ಗೋಡೆ ಹಿಡಿದು, ಬಿದ್ದು, ಎದ್ದು, ಮತ್ತೆ ಬಿದ್ದು ಕಲಿತ ಆ ಪಾಠವನ್ನು ನಾವು ಮುಂದೆ ಎಪ್ಪತ್ತು ಎಂಬತ್ತು ವರ್ಷಗಳ ಕಾಲ ಒಂದು ಸಲವೂ ನೆನೆಯದೆ ಬಳಸುತ್ತ ಬರುತ್ತೇವೆ. ತುಂಬಿದ ಕೊಡವನ್ನು ಸೊಂಟದಲ್ಲಿಟ್ಟುಕೊಂಡು ಕೆರೆಯ ಏರಿಯ ಮೇಲೆ ಬರುವ ಹೆಂಗಸು, ಜೊತೆಯವಳೊಡನೆ ಮಾತಾಡುತ್ತಲೇ, ಹನಿಯೂ ತುಳುಕದಂತೆ ಹೇಗೆ ನಡೆಯುವಳೋ, ಹಾಗೆಯೇ ನಮ್ಮ ಮಿದುಳು, ನಮ್ಮ ಅರಿವಿಗೆ ಬಾರದ ರೀತಿಯಲ್ಲಿ, ಶರೀರದ ಸಮಸ್ತ ಭಾರವನ್ನೂ ಎರಡು ಪಾದಗಳ ನಡುವಣ ಕಿರಿದಾದ ನೆಲೆಯ ಮೇಲೆ ಕ್ಷಣಕ್ಷಣಕ್ಕೂ ಹಿಡಿದು ನಿಲ್ಲಿಸುತ್ತಿರುತ್ತದೆ.

ಈ ಕಾರ್ಯಕ್ಕೆ ಬೇಕಾದ ಸುದ್ದಿ ಮಿದುಳಿಗೆ ಮೂರು ದಿಕ್ಕುಗಳಿಂದ ಬರುತ್ತದೆ. ಕಣ್ಣು ಸುತ್ತಣ ಗೋಡೆ ಬಾಗಿಲುಗಳ ನೇರವನ್ನು ನೋಡಿ ಹೇಳುತ್ತದೆ. ಒಳಗಿವಿಯ ಸೂಕ್ಷ್ಮ ನಾಳಗಳು ತಲೆಯ ತಿರುವನ್ನೂ ಓಲುವಿಕೆಯನ್ನೂ ತಿಳಿಸುತ್ತವೆ. ಅಂಗಾಲಿನ ಚರ್ಮ, ಕಣಕಾಲಿನ ಕೀಲು, ಮೀನಖಂಡದ ಸ್ನಾಯುಗಳು ಕಾಲ ಕೆಳಗಿನ ನೆಲ ಮಟ್ಟಸವೋ ಇಳಿಜಾರೋ, ಗಟ್ಟಿಯೋ ಮೆದುವೋ ಎಂಬುದನ್ನು ವರದಿ ಮಾಡುತ್ತವೆ. ಇವು ಮೂರನ್ನೂ ತಾಳೆ ನೋಡಿ, ಮೈ ಸ್ವಲ್ಪ ಓಲಿದರೆ ಕಣಕಾಲಿನಿಂದಲೂ, ಹೆಚ್ಚು ಓಲಿದರೆ ಸೊಂಟದಿಂದಲೂ, ಅದೂ ಸಾಲದಾದರೆ ಒಂದು ಹೆಜ್ಜೆಯನ್ನು ಥಟ್ಟನೆ ಮುಂದಿಡಿಸಿಯೂ ಮಿದುಳು ಬೀಳುವಿಕೆಯನ್ನು ತಪ್ಪಿಸುತ್ತದೆ. ಮಿದುಳಿಗೆ ರಕ್ತವನ್ನೊಯ್ಯುವ ನಾಳವೊಂದು ಕಟ್ಟಿಕೊಂಡೋ ಒಡೆದೋ ಪಾರ್ಶ್ವವಾಯು ಬಡಿದಾಗ, ಕೈಕಾಲುಗಳ ಶಕ್ತಿಯೊಂದೇ ಹೋಯಿತೆಂದು ನಾವು ತಿಳಿಯುವೆವಾದರೂ, ಅನೇಕರಲ್ಲಿ ಈ ವರದಿಗಳೂ, ವರದಿಗಳನ್ನು ಹೊಂದಿಸುವ ಸಾಮರ್ಥ್ಯವೂ ಕೂಡಿ ಕೆಟ್ಟಿರುತ್ತವೆ. ರೋಗಿಯು ಭಾರವನ್ನೆಲ್ಲ ಗಟ್ಟಿ ಕಾಲಿನ ಮೇಲೆಯೇ ಹೊರಿಸಿ ವಾರೆಯಾಗಿ ನಿಲ್ಲುತ್ತಾನೆ. ಕೆಲವರಿಗಂತೂ ನೇರವೆಂಬ ಅರಿವೇ ಓರೆಯಾಗಿ, ಅವರು ಬಲಗುಂದಿದ ಪಕ್ಕಕ್ಕೇ ಮೈಯನ್ನು ನೂಕಿಕೊಳ್ಳುತ್ತ, ಸರಿಪಡಿಸಲು ಬಂದವರ ಕೈಯನ್ನೇ ಎದುರಿಸುತ್ತಾರೆ.

ಇಂತಹವರು ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಏನಾಗುತ್ತದೆ? ಇಂಗ್ಲೆಂಡಿನ ವೈದ್ಯರು 1995ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಮನೆಗೆ ಮರಳಿದ 108 ಮಂದಿಯಲ್ಲಿ ನೂರಕ್ಕೆ 73ರಷ್ಟು ಜನ ಆರು ತಿಂಗಳೊಳಗೆ ಒಮ್ಮೆಯಾದರೂ ಬಿದ್ದಿದ್ದರು. ಬಿದ್ದವರ ಎಲುಬು ಮುರಿಯದಿದ್ದರೂ ಧೈರ್ಯ ಮುರಿಯುತ್ತದೆ. ಧೈರ್ಯಗುಂದಿದವನು ನಡೆಯುವುದನ್ನು ಕಡಿಮೆ ಮಾಡುತ್ತಾನೆ, ನಡೆಯದವನ ಕಾಲು ಮತ್ತಷ್ಟು ಸೊರಗುತ್ತದೆ, ಸೊರಗಿದ ಕಾಲಿನವನು ಮತ್ತೆ ಬೀಳುತ್ತಾನೆ. ಈ ಸುಳಿಯಿಂದ ಹೊರಬರುವುದಕ್ಕೆ ಔಷಧವಿಲ್ಲ. ನಿಲ್ಲುವುದನ್ನು ನಿಂತೇ ಕಲಿಯಬೇಕು, ನಡೆಯುವುದನ್ನು ನಡೆದೇ ಕಲಿಯಬೇಕು ಎಂಬ ತತ್ತ್ವವನ್ನು ಸಿಡ್ನಿಯ ಜಾನೆಟ್ ಕಾರ್ ಮತ್ತು ರಾಬರ್ಟಾ ಶೆಫರ್ಡ್ ಎಂಬ ಇಬ್ಬರು ಫಿಸಿಯೋಥೆರಪಿಸ್ಟರು 1982ರಲ್ಲಿ ಗ್ರಂಥರೂಪದಲ್ಲಿ ಪ್ರತಿಪಾದಿಸಿದರು. ನಿತ್ಯದ ಕೆಲಸವನ್ನೇ ಪುನಃ ಪುನಃ ಅಭ್ಯಾಸ ಮಾಡಿಸುವ ಆ ಪದ್ಧತಿಯೇ ಇಂದಿನ ಚಿಕಿತ್ಸೆಯ ಬೆನ್ನೆಲುಬಾಗಿದೆ.

ಆದರೆ ಸಮತೋಲನದ ಅಭ್ಯಾಸದಲ್ಲಿ ಉಳಿದ ವ್ಯಾಯಾಮಗಳಲ್ಲಿಲ್ಲದ ಒಂದು ತೊಡಕುಂಟು. ಕುರ್ಚಿಯಲ್ಲಿ ಕುಳಿತು ಕೈಯೆತ್ತುವವನು ತಪ್ಪು ಮಾಡಿದರೆ ಕೈ ಕೆಳಗಿಳಿಯುತ್ತದೆ, ಅಷ್ಟೆ. ಒಂಟಿಕಾಲಿನಲ್ಲಿ ನಿಲ್ಲಲು ಹೊರಟವನು ತಪ್ಪು ಮಾಡಿದರೆ ನೆಲಕ್ಕೆ ಬೀಳುತ್ತಾನೆ. ಬೀಳುವ ಭಯವೇ ಇಲ್ಲದಷ್ಟು ಸುಲಭವಾದ ಅಭ್ಯಾಸದಿಂದ ಮಿದುಳು ಹೊಸದೇನನ್ನೂ ಕಲಿಯದು. ಕಲಿಯುವಷ್ಟು ಕಠಿಣವಾದ ಅಭ್ಯಾಸದಲ್ಲಿ ಬೀಳುವ ಸಂಭವ ಇದ್ದೇ ಇರುತ್ತದೆ. ಆಸ್ಪತ್ರೆಯಲ್ಲಿ ಈ ಎರಡರ ನಡುವಣ ಗೆರೆಯನ್ನು ಕಾಯುವುದು ಫಿಸಿಯೋಥೆರಪಿಸ್ಟರ ಕಣ್ಣು ಮತ್ತು ಕೈ: ಕಣ್ಣು ಓಲುವುದನ್ನು ಮೊದಲೇ ಕಾಣುತ್ತದೆ, ಕೈ ಹಿಡಿದುಕೊಳ್ಳುತ್ತದೆ. ರೋಗಿಯು ಮನೆಯಲ್ಲಿದ್ದು ಗುರುವು ನೂರಾರು ಮೈಲಿ ದೂರದಲ್ಲಿದ್ದಾಗ, ಪರದೆಯ ಮೂಲಕ ಕಣ್ಣು ಬರಬಲ್ಲುದು, ಕೈ ಬರಲಾರದು. ದೂರಸಂಪರ್ಕದಿಂದ ನಡೆಯುವ ಸಮತೋಲನ ಚಿಕಿತ್ಸೆಯ ಹಿರಿಮೆಯೂ ಮಿತಿಯೂ ಈ ಒಂದೇ ಸಂಗತಿಯಲ್ಲಿ ಅಡಗಿದೆ. ದೂರದ ಕಣ್ಣು ಎಷ್ಟೇ ತೀಕ್ಷ್ಣವಾಗಿದ್ದರೂ, ಹತ್ತಿರದಲ್ಲೊಂದು ಕೈಯನ್ನು ಸಿದ್ಧಗೊಳಿಸಿದ ಹೊರತು ಅದು ಚಿಕಿತ್ಸೆಯೆನ್ನಿಸಿಕೊಳ್ಳದು.

ಈ ಪ್ರಶ್ನೆಯನ್ನು ಆಸ್ಟ್ರೇಲಿಯದವರು ಬಹು ಮುಂಚೆಯೇ ಕೈಗೆತ್ತಿಕೊಂಡುದಕ್ಕೆ ಅಲ್ಲಿಯ ಭೂಗೋಳವೇ ಕಾರಣ. ಪರ್ತ್ ರಾಜಧಾನಿಯಾಗಿರುವ ಪಶ್ಚಿಮ ಆಸ್ಟ್ರೇಲಿಯವೊಂದೇ ನಮ್ಮ ಕರ್ನಾಟಕದ ಸುಮಾರು 13 ಪಟ್ಟು ವಿಸ್ತಾರವುಳ್ಳದ್ದು. ಬ್ರಿಸ್ಬೇನ್ ರಾಜಧಾನಿಯಾದ ಕ್ವೀನ್ಸ್‌ಲ್ಯಾಂಡ್ ಸುಮಾರು 9 ಪಟ್ಟು. ಅಡಿಲೇಡ್ ರಾಜಧಾನಿಯಾದ ದಕ್ಷಿಣ ಆಸ್ಟ್ರೇಲಿಯ ಸುಮಾರು 5 ಪಟ್ಟು. ಉತ್ತರದ ತುದಿಯ ಕುನುನುರಾದಿಂದ ಪರ್ತ್‌ಗೆ ರಸ್ತೆಯಲ್ಲಿ ಬರಬೇಕಾದರೆ 3,000 ಕಿಲೋಮೀಟರಿಗೂ ಮಿಕ್ಕಿದ ದಾರಿ. ಇಂತಹ ದೇಶದಲ್ಲಿ ವೈದ್ಯವು ದೂರವನ್ನು ಗೆಲ್ಲಲೇಬೇಕಾಯಿತು. ಕ್ವೀನ್ಸ್‌ಲ್ಯಾಂಡಿನ ಕ್ಲಾನ್‌ಕರಿ ಊರಿನಲ್ಲಿ 1928ರಲ್ಲಿ ವಿಮಾನವೈದ್ಯ ಸೇವೆ ಆರಂಭವಾದಾಗ, ಒಳನಾಡಿನ ಒಂಟಿಮನೆಗಳು ವೈದ್ಯರನ್ನು ಕೂಗಿ ಕರೆಯುವುದಕ್ಕೆ ಅಡಿಲೇಡಿನ ಇಂಜಿನಿಯರ್ ಆಲ್ಫ್ರೆಡ್ ಟ್ರೇಗರ್ ಎಂಬಾತ ಕಾಲಿನಿಂದ ಪೆಡಲ್ ತುಳಿದರೆ ವಿದ್ಯುತ್ತು ಹುಟ್ಟಿ ನಡೆಯುವ ರೇಡಿಯೋ ಯಂತ್ರವನ್ನು ರಚಿಸಿಕೊಟ್ಟನು. ತಂತಿಯೂ ವಿದ್ಯುತ್ತೂ ಇಲ್ಲದ ಮನೆಗೆ ವೈದ್ಯರ ಧ್ವನಿಯನ್ನು ತಲುಪಿಸಿದ ಆ ಪರಂಪರೆಯ ಮುಂದುವರಿಕೆಯೇ ಇಂದಿನ ವಿಡಿಯೋ ಚಿಕಿತ್ಸೆ.

ಬ್ರಿಸ್ಬೇನ್ ನಗರದ ಕೊಡುಗೆ ಮುಖ್ಯವಾಗಿ ಕಣ್ಣಿನದು. ಅಲ್ಲಿಯ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾನಿಲಯದಲ್ಲಿ ಟ್ರೆವರ್ ರಸೆಲ್ ಮತ್ತು ಅವರ ಸಹೋದ್ಯೋಗಿಗಳು, ಮನೆಮನೆಗೂ ವೇಗದ ಇಂಟರ್ನೆಟ್ ಬರುವುದಕ್ಕೆ ಬಹು ಮುಂಚೆಯೇ, ಟೆಲಿಫೋನ್ ತಂತಿಯ ನಿಧಾನಗತಿಯ ಸಂಪರ್ಕದಲ್ಲಿ ರೋಗಿಯ ಚಲನೆಯನ್ನು ನೋಡುವುದಷ್ಟೇ ಅಲ್ಲದೆ ಅಳೆಯುವುದೂ ಸಾಧ್ಯವೇ ಎಂಬುದನ್ನು ಶೋಧಿಸತೊಡಗಿದರು. ಇ-ಹ್ಯಾಬ್ ಎಂಬ ಅವರ ಉಪಕರಣದಲ್ಲಿ ವಿಡಿಯೋ ಚಿತ್ರದ ಮೇಲೆಯೇ ಕೀಲಿನ ಕೋನವನ್ನು ಅಳೆದು ಬರೆದುಕೊಳ್ಳಬಹುದಾಗಿತ್ತು. ಮಂಡಿಯ ಕೀಲು ಬದಲಾಯಿಸಿಕೊಂಡ 65 ಮಂದಿಯ ಮೇಲೆ ನಡೆಸಿ 2011ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಇಂಟರ್ನೆಟ್ ಮೂಲಕ ಆರು ವಾರ ಚಿಕಿತ್ಸೆ ಪಡೆದವರು ಮುಖಾಮುಖಿ ಚಿಕಿತ್ಸೆ ಪಡೆದವರಿಗೆ ಕಡಿಮೆಯಾಗದಂತೆ ಚೇತರಿಸಿಕೊಂಡುದು ಕಂಡುಬಂದಿತು. ಪಾರ್ಕಿನ್ಸನ್ ಕಾಯಿಲೆಯವರ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಇನ್ನೊಂದು ಚಿಕ್ಕ ಅಧ್ಯಯನವು, ನಿಲುವಿನ ಮತ್ತು ಸಮತೋಲನದ ಪರೀಕ್ಷೆಗಳನ್ನೂ ಪರದೆಯ ಮೂಲಕ ವಿಶ್ವಾಸಾರ್ಹವಾಗಿ ನಡೆಸಬಹುದೆಂದು ತೋರಿಸಿತು. ಮಂಡಿಯ ಶಸ್ತ್ರಚಿಕಿತ್ಸೆಯೂ ಪಾರ್ಶ್ವವಾಯುವೂ ಒಂದಲ್ಲವೆಂಬುದು ನಿಜ. ಆದರೂ ದೂರದಿಂದ ನೋಡಿದ ಕಣ್ಣು ಮೋಸಹೋಗುವುದಿಲ್ಲವೆಂಬ ಭರವಸೆಗೆ ಇಲ್ಲಿ ಅಸ್ತಿವಾರ ಬಿದ್ದಿತು.

ಅಡಿಲೇಡ್ ನಗರದವರು ಎರಡು ಕೆಲಸ ಮಾಡಿದರು: ಅಂಗಡಿಯಲ್ಲಿ ಸಿಗುವ ಸಾಮಾನ್ಯ ಉಪಕರಣಗಳನ್ನೇ ಚಿಕಿತ್ಸೆಗೆ ಹೂಡಿದುದು ಒಂದು, ಪ್ರಪಂಚದಲ್ಲೆಲ್ಲ ನಡೆದ ಪ್ರಯೋಗಗಳನ್ನು ತೂಗಿ ನೋಡಿದುದು ಮತ್ತೊಂದು. ಫ್ಲಿಂಡರ್ಸ್ ವಿಶ್ವವಿದ್ಯಾನಿಲಯದ ಮರಿಯಾ ಕ್ರಾಟಿಯವರ ತಂಡವು ವೃದ್ಧರ ಮನೆಗಳಿಗೆ ಟ್ಯಾಬ್ಲೆಟ್ ಕೊಟ್ಟು ಪುನಶ್ಚೇತನವನ್ನು ನಡೆಸಿ, ವಯಸ್ಸಾದವರು ಇಂತಹ ಯಂತ್ರಗಳಿಗೆ ಹೆದರುವರೆಂಬ ಊಹೆ ಅಷ್ಟೇನೂ ನಿಜವಲ್ಲವೆಂಬುದನ್ನು 2014ರಲ್ಲಿ ವರದಿ ಮಾಡಿತು. ಬಳಿಕ ಸಿಡ್ನಿ ಮತ್ತು ಅಡಿಲೇಡ್‌ಗಳ ಪುನಶ್ಚೇತನ ಆಸ್ಪತ್ರೆಗಳಲ್ಲಿ 300 ಮಂದಿ, ಅವರಲ್ಲಿ ಪಾರ್ಶ್ವವಾಯುವಾದವರೂ ಸೇರಿ, ಭಾಗವಹಿಸಿದ ಒಂದು ದೊಡ್ಡ ಪ್ರಯೋಗದ ಫಲ 2020ರಲ್ಲಿ ಹೊರಬಂದಿತು. ಎಂದಿನ ಚಿಕಿತ್ಸೆಯ ಜೊತೆಗೆ ಆಟದ ಯಂತ್ರ, ಮೊಬೈಲ್ ತಂತ್ರಾಂಶ, ಹೆಜ್ಜೆ ಎಣಿಸುವ ಪಟ್ಟಿ ಮುಂತಾದವನ್ನು ಆಸ್ಪತ್ರೆಯಲ್ಲಿ ಕಲಿತು, ಮನೆಗೆ ಹೋದ ಮೇಲೆ ಫಿಸಿಯೋಥೆರಪಿಸ್ಟರ ದೂರದ ಉಸ್ತುವಾರಿಯಲ್ಲಿ ಆರು ತಿಂಗಳು ಮುಂದುವರಿಸಿದವರ ಚಲನಶಕ್ತಿ ಉಳಿದವರಿಗಿಂತ ಉತ್ತಮವಾಯಿತು. ಆದರೆ ಅವರು ದಿನದಲ್ಲಿ ಎದ್ದು ನಿಂತಿರುವ ಹೊತ್ತು ಹೆಚ್ಚಲಿಲ್ಲ. ಸಾಮರ್ಥ್ಯ ಬಂದುದರಿಂದಲೇ ಅಭ್ಯಾಸ ಬದಲಾಗದೆಂಬ ಈ ಎರಡನೆಯ ಮಾತನ್ನು ಮನೆಮಂದಿ ಮರೆಯಬಾರದು.

ಅದೇ ವಿಶ್ವವಿದ್ಯಾನಿಲಯದ ಕೇಟ್ ಲೇವರ್ ಅವರ ಮುಂದಾಳುತನದಲ್ಲಿ ಸಿದ್ಧವಾದ, ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಸಮೀಕ್ಷೆಗಳು ಈ ಕ್ಷೇತ್ರಕ್ಕೆ ತಕ್ಕಡಿಯನ್ನೊದಗಿಸಿವೆ. ಪಾರ್ಶ್ವವಾಯುವಿನ ದೂರಪುನಶ್ಚೇತನದ 22 ಪ್ರಯೋಗಗಳನ್ನೂ ಅವುಗಳಲ್ಲಿ ಪಾಲ್ಗೊಂಡ 1,937 ಮಂದಿಯನ್ನೂ ಪರಿಶೀಲಿಸಿದ 2020ರ ಸಮೀಕ್ಷೆಯು, ದೂರದ ಚಿಕಿತ್ಸೆಗೂ ಮುಖಾಮುಖಿ ಚಿಕಿತ್ಸೆಗೂ ಫಲದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲವೆಂದೂ, ಆದರೆ ಸಾಕ್ಷ್ಯವು ಇನ್ನೂ ಬಲವಾಗಬೇಕೆಂದೂ, ಅಪಾಯಗಳ ಲೆಕ್ಕವಿಟ್ಟ ಅಧ್ಯಯನಗಳು ಕೆಲವೇ ಎಂದೂ ನಿರ್ವಂಚನೆಯಿಂದ ಹೇಳಿತು. ಪರದೆಯ ಆಟಗಳ ಕುರಿತು 72 ಪ್ರಯೋಗಗಳನ್ನು ಕಲೆಹಾಕಿದ 2017ರ ಸಮೀಕ್ಷೆಯು, ಎಂದಿನ ಚಿಕಿತ್ಸೆಗೆ ಬದಲಾಗಿ ಅಲ್ಲ, ಅದಕ್ಕೆ ಜೊತೆಯಾಗಿ ಬಂದಾಗಲೇ ಆಟದಿಂದ ಪ್ರಯೋಜನವೆಂಬ ಅಭಿಪ್ರಾಯಕ್ಕೆ ಬಂದು, ಸಮತೋಲನದ ವಿಷಯದಲ್ಲಿ ತೀರ್ಪು ಕೊಡುವಷ್ಟು ಆಧಾರ ಆಗ ಇರಲಿಲ್ಲವೆಂದಿತು. ಮನೆಯಲ್ಲಿಯೇ ಸಮತೋಲನವನ್ನು ಕಲಿಸಿದ ಪ್ರಯೋಗವೊಂದು ಬೇಕೆನ್ನುವವರು ಸ್ಪೇನಿನ ವೆಲೆನ್ಸಿಯಾದ ಕಡೆ ನೋಡಬಹುದು: 2015ರಲ್ಲಿ ಪ್ರಕಟವಾದ ಅಲ್ಲಿಯ ಅಧ್ಯಯನದಲ್ಲಿ 30 ಮಂದಿ ಪಾರ್ಶ್ವವಾಯುಪೀಡಿತರ ಪೈಕಿ ಅರ್ಧದಷ್ಟು ಜನ ಮನೆಯ ಟೀವಿಯ ಮುಂದೆಯೂ ಉಳಿದವರು ಚಿಕಿತ್ಸಾಲಯದಲ್ಲಿಯೂ, 45 ನಿಮಿಷದ 20 ಪಾಠಗಳಲ್ಲಿ, ಪರದೆಯ ಮೇಲಣ ಗುರುತುಗಳಿಗೆ ಹೆಜ್ಜೆಯಿಟ್ಟು ಅಭ್ಯಾಸ ಮಾಡಿದರು; ಎರಡೂ ಗುಂಪಿನವರ ಪ್ರಗತಿಯೂ ಸರಿಸಮವಾಗಿದ್ದು, ಮನೆಯ ಪಾಠಕ್ಕೆ ಖರ್ಚು ಕಡಿಮೆಯಾಯಿತು.

ಪರ್ತ್ ನಗರದ ಪಾಲು ಬೇರೊಂದು ಬಗೆಯದು. ಪಾರ್ಶ್ವವಾಯುವಾದವರ ನಿಂತ ನಿಲುವಿನ ಸಮತೋಲನವನ್ನು ಅಳೆಯುವ ಹೆಜ್ಜೆಪರೀಕ್ಷೆಯೊಂದನ್ನು, ಮುಂದೆ ಪರ್ತ್‌ನ ಕರ್ಟಿನ್ ವಿಶ್ವವಿದ್ಯಾನಿಲಯದಲ್ಲಿ ಫಿಸಿಯೋಥೆರಪಿ ವಿಭಾಗವನ್ನು ನಡೆಸಿದ ಕೀತ್ ಹಿಲ್ ಮತ್ತು ಅವರ ಜೊತೆಗಾರರು 1996ರಲ್ಲಿ, ಮೆಲ್ಬರ್ನ್‌ನಲ್ಲಿದ್ದಾಗ, ಪ್ರಕಟಿಸಿದರು. ಏಳೂವರೆ ಸೆಂಟಿಮೀಟರ್ ಎತ್ತರದ ಒಂದು ಮಣೆಯೇ ಅದರ ಸಲಕರಣೆ. ಒಂದು ಕಾಲಿನ ಮೇಲೆ ನಿಂತು, ಇನ್ನೊಂದು ಪಾದವನ್ನು ಪೂರ್ತಿಯಾಗಿ ಮಣೆಯ ಮೇಲಿಟ್ಟು ತೆಗೆಯುವುದನ್ನು 15 ಸೆಕೆಂಡಿನಲ್ಲಿ ಎಷ್ಟು ಸಲ ಮಾಡಬಲ್ಲರೆಂದು ಎಣಿಸುವುದು, ಬಳಿಕ ಕಾಲು ಬದಲಿಸುವುದು, ಇಷ್ಟೆ. ಭಾರವನ್ನು ಹೊತ್ತು ನಿಂತ ಕಾಲಿನ ಬಲವೂ ಚೆದುರಿದ ಮೈಯನ್ನು ಮರಳಿ ಹಿಡಿಯುವ ಚಾತುರ್ಯವೂ ಈ ಎಣಿಕೆಯಲ್ಲಿ ಬಯಲಾಗುತ್ತವೆ. ದುಬಾರಿ ಯಂತ್ರವನ್ನು ಬೇಡದ, ಪರದೆಯ ಆಚೆಯಿಂದಲೂ ಎಣಿಸಬಹುದಾದ ಇಂತಹ ಪರೀಕ್ಷೆಗಳು ಮನೆಯ ಚಿಕಿತ್ಸೆಗೆ ಹೇಳಿಮಾಡಿಸಿದವು.

ಪರ್ತ್ ಇನ್ನೊಂದು ಪಾಠವನ್ನೂ ಕಲಿಸಿದೆ: ದೂರಸಂಪರ್ಕವೆಂದರೆ ಹೊಸ ಯಂತ್ರವೇ ಆಗಬೇಕಾಗಿಲ್ಲ. ಬಿದ್ದು ತುರ್ತು ಚಿಕಿತ್ಸಾ ವಿಭಾಗಕ್ಕೆ ಬಂದ 60ರಿಂದ 90 ವರ್ಷದ 430 ಮಂದಿಯನ್ನು ರಾಯಲ್ ಪರ್ತ್ ಆಸ್ಪತ್ರೆಯಲ್ಲಿಯೂ ಮೆಲ್ಬರ್ನ್‌ನ ಆಲ್ಫ್ರೆಡ್ ಆಸ್ಪತ್ರೆಯಲ್ಲಿಯೂ ಸೇರಿಸಿಕೊಂಡು, ಒಮ್ಮೆ ಮನೆಗೆ ಹೋಗಿ ನೋಡಿ ಬಂದು, ಮುಂದೆ ತಿಂಗಳುಗಟ್ಟಲೆ ಫೋನಿನಲ್ಲಿಯೇ ವಿಚಾರಿಸುತ್ತ, ವ್ಯಾಯಾಮಕ್ಕೆ ಹುರಿದುಂಬಿಸುತ್ತ ಹೋದ ಪ್ರಯೋಗವೊಂದರಲ್ಲಿ ಬೀಳುವಿಕೆ ನೂರಕ್ಕೆ 35ರಷ್ಟು ತಗ್ಗಿತೆಂದು 2019ರಲ್ಲಿ ವರದಿಯಾಯಿತು. ಇದು ಪಾರ್ಶ್ವವಾಯುವಾದವರಿಗಾಗಿಯೇ ಮಾಡಿದ ಪ್ರಯೋಗವಲ್ಲ. ಆದರೆ ವಾರಕ್ಕೊಮ್ಮೆಯೋ ತಿಂಗಳಿಗೊಮ್ಮೆಯೋ ತಪ್ಪದೆ ಬರುವ ಒಂದು ಧ್ವನಿಗೆ ಎಷ್ಟು ಬಲವಿದೆಯೆಂಬುದಕ್ಕೆ ಇದು ಸಾಕ್ಷಿ. ಪರ್ತ್‌ನ ಎಡಿತ್ ಕೊವನ್ ವಿಶ್ವವಿದ್ಯಾನಿಲಯದ ಬೆತ್ ಆರ್ಮ್‌ಸ್ಟ್ರಾಂಗ್ ಮತ್ತು ಸಂಗಡಿಗರು ಮೂಲನಿವಾಸಿಗಳಿಗಾಗಿ ನಡೆಸಿದ ಹೀಲಿಂಗ್ ರೈಟ್ ವೇ ಎಂಬ ಯೋಜನೆಯಲ್ಲಿ, ಪಾರ್ಶ್ವವಾಯುವಾಗಿಯೋ ತಲೆಗೆ ಪೆಟ್ಟಾಗಿಯೋ ಮನೆಗೆ ಮರಳಿದವರೊಡನೆ ಅವರ ಜನಾಂಗದವರೇ ಆದ ಸಂಯೋಜಕರು ಆರು ತಿಂಗಳ ಕಾಲ ಸಂಪರ್ಕವಿಟ್ಟುಕೊಂಡು, ಆಸ್ಪತ್ರೆಗೂ ಮನೆಗೂ ಸೇತುವೆಯಾದರು. ತಮ್ಮ ನುಡಿ ನಡೆಗಳನ್ನು ಬಲ್ಲವರು ವಿಚಾರಿಸಿದಾಗ ಮಾತ್ರ ರೋಗಿಯು ತನ್ನ ನಿಜಸ್ಥಿತಿಯನ್ನು ಹೇಳಿಕೊಳ್ಳುವನೆಂಬುದನ್ನು ನಾವೂ ಬಲ್ಲೆವು.

ಇನ್ನು ಪಾಠವೊಂದು ಹೇಗೆ ನಡೆಯುತ್ತದೆಂಬುದನ್ನು ಹತ್ತಿರದಿಂದ ನೋಡೋಣ. ಈ ಮೂರು ನಗರಗಳಲ್ಲೊಂದರಲ್ಲಿರುವ ಕನ್ನಡದ ಮನೆ, ಎಡಪಕ್ಕ ಬಲಗುಂದಿರುವ ವೃದ್ಧೆ, ಜೊತೆಗೆ ಸೊಸೆ ಎಂದಿಟ್ಟುಕೊಳ್ಳಿ. ಮೊದಲನೆಯ ಹತ್ತು ನಿಮಿಷ ಕ್ಯಾಮೆರಾಕ್ಕೇ ಹೋಗುತ್ತದೆ. ಅಕ್ಕಿಯ ಡಬ್ಬಕ್ಕೆ ಒರಗಿಸಿದ ಫೋನಿನಲ್ಲಿ ಮುಖ ಮಾತ್ರ ಕಂಡರೆ ಪ್ರಯೋಜನವಿಲ್ಲ. ಫಿಸಿಯೋಥೆರಪಿಸ್ಟರಿಗೆ ಬೇಕಾದುದು ಪಾದ. ಸೀರೆಯ ನೆರಿಗೆಯಲ್ಲಿ ಪಾದವೂ ಮಂಡಿಯೂ ಮರೆಯಾಗುವುದರಿಂದ ಕಣಕಾಲು ಕಾಣುವ ಉಡುಗೆ ಬೇಕಾಗುತ್ತದೆ; ಜಾರುವ ಚಪ್ಪಲಿ ಹೋಗಿ ಹಿಮ್ಮಡಿ ಮುಚ್ಚಿದ ಬೂಟು ಬರುತ್ತದೆ; ನೆಲಹಾಸಿನ ಮಡಿಚಿದ ಅಂಚನ್ನು ಪಕ್ಕಕ್ಕೆ ಸರಿಸಬೇಕಾಗುತ್ತದೆ. ರಕ್ತದೊತ್ತಡವನ್ನು ನೋಡಿ ಬರೆದುಕೊಂಡ ಮೇಲೆ ಪಾಠಕ್ಕೆ ಆರಂಭ.

ಮೊದಲು ಕುರ್ಚಿಯಿಂದ ಏಳುವುದು. ಬಲಗುಂದಿದವರು ಗಟ್ಟಿ ಕಾಲಿನ ಮೇಲೆ ಎದ್ದುಬಿಡುವುದು ರೂಢಿಯಾದುದರಿಂದ, ಆ ಕಾಲನ್ನು ತುಸು ಮುಂದಕ್ಕಿಟ್ಟು, ಬಲಗುಂದಿದ ಪಾದವನ್ನು ಕುರ್ಚಿಯ ಕೆಳಕ್ಕೆ ಹಿಂದೆ ಸರಿಸುತ್ತಾರೆ; ಆಗ ಭಾರವು ತಾನಾಗಿ ಅದರ ಮೇಲೆ ಬೀಳುತ್ತದೆ. ‘ಅತ್ತೆ, ಮೂಗು ಕಾಲ್ಬೆರಳಿನ ನೇರಕ್ಕೆ ಬರೋ ಹಾಗೆ ಮುಂದಕ್ಕೆ ಬಾಗಿ, ಆಮೇಲೆ ಏಳಿ’ ಎಂದು ಸೊಸೆ ಪರದೆಯ ಮಾತನ್ನು ಕನ್ನಡದಲ್ಲಿ ದಾಟಿಸುತ್ತಾಳೆ. ಆಮೇಲೆ ಎರಡು ಗೋಡೆ ಕೂಡುವ ಮೂಲೆಗೆ ಬೆನ್ನು ಮಾಡಿ, ಮುಂದೆ ಭಾರವಾದ ಕುರ್ಚಿಯೊಂದರ ಬೆನ್ನನ್ನಿಟ್ಟು, ಪಾದಗಳನ್ನು ಜೋಡಿಸಿ ನಿಲ್ಲುವುದು. ಅದು ಹಗುರವಾದರೆ ಒಂದರ ಮುಂದೊಂದು ಪಾದವಿಟ್ಟು ನಿಲ್ಲುವುದು. ಅದೂ ಹಗುರವಾದರೆ ತಲೆಯನ್ನು ಎಡಕ್ಕೂ ಬಲಕ್ಕೂ ತಿರುಗಿಸುವುದು. ಹಿಂದಕ್ಕೆ ವಾಲಿದರೆ ಗೋಡೆ, ಮುಂದಕ್ಕೆ ವಾಲಿದರೆ ಕುರ್ಚಿ. ಸೊಸೆ ನಿಲ್ಲಬೇಕಾದುದು ಎಡಪಕ್ಕದಲ್ಲಿ, ತುಸು ಹಿಂದೆ, ಸೊಂಟಕ್ಕೆ ಕಟ್ಟಿದ ಅಗಲ ಪಟ್ಟಿಯ ಮೇಲೆ ಕೈಯಿಟ್ಟು. ಓಲಿದಾಗ ತೋಳನ್ನು ಹಿಡಿದೆಳೆದರೆ ಸಡಿಲವಾದ ಭುಜದ ಕೀಲಿಗೆ ಪೆಟ್ಟಾಗುವುದೆಂಬುದನ್ನು ಆಕೆಗೆ ಮೊದಲ ದಿನವೇ ಹೇಳಿರುತ್ತಾರೆ. ದೂರದ ಕಣ್ಣಿಗೆ ಹತ್ತಿರದ ಕೈಯಾಗಿ ಒದಗತಕ್ಕವು ಇವೇ: ಮೂಲೆ, ಕುರ್ಚಿ, ಅಡುಗೆಕಟ್ಟೆ, ಮತ್ತು ಎಲ್ಲಿ ನಿಲ್ಲಬೇಕೆಂದು ಕಲಿತ ಒಬ್ಬ ಆಪ್ತರು.

ಯಂತ್ರಗಳು ಈ ಏರ್ಪಾಡಿಗೆ ಪೂರಕವಾಗಿ ಬರಬಹುದು. ಮನೆಯ ಆಟ, ವ್ಯಾಯಾಮಗಳಿಗೆಂದು ನಿಂಟೆಂಡೊ ಕಂಪನಿ ಮಾರಿದ ಸಮತೋಲನದ ಹಲಗೆಯ ನಾಲ್ಕು ಮೂಲೆಗಳಲ್ಲಿರುವ ಸೆನ್ಸರುಗಳು, ನಿಂತವರ ಭಾರ ಯಾವ ಕಡೆಗೆ ಎಷ್ಟು ವಾಲಿದೆಯೆಂಬುದನ್ನು ಪ್ರಯೋಗಾಲಯದ ದುಬಾರಿ ಯಂತ್ರಕ್ಕೆ ಸಮೀಪವಾಗಿ ಹೇಳಬಲ್ಲವೆಂದು, ಮುಂದೆ ಬ್ರಿಸ್ಬೇನ್‌ಗೆ ಉತ್ತರದ ಸನ್‌ಶೈನ್ ಕೋಸ್ಟ್ ವಿಶ್ವವಿದ್ಯಾನಿಲಯವನ್ನು ಸೇರಿದ ರಾಸ್ ಕ್ಲಾರ್ಕ್ ಮತ್ತು ಸಂಗಡಿಗರು 2010ರಲ್ಲಿ ತೋರಿಸಿಕೊಟ್ಟರು. ಯಂತ್ರದ ನೆರವೇ ಇಲ್ಲದ ದಾರಿಯೂ ಉಂಟು. ಸಿಡ್ನಿಯ ಲಿಂಡಿ ಕ್ಲೆಮ್‌ಸನ್ ಅವರ ತಂಡವು ಹಲ್ಲುಜ್ಜುವಾಗ, ಪಾತ್ರೆ ತೊಳೆಯುವಾಗ, ಕಪಾಟಿನಿಂದ ಡಬ್ಬ ತೆಗೆಯುವಾಗಲೇ ಸಮತೋಲನದ ಅಭ್ಯಾಸವನ್ನು ಹೊಸೆದುಬಿಡುವ ಕ್ರಮವನ್ನು ರೂಪಿಸಿ, 317 ಮಂದಿ ವೃದ್ಧರಲ್ಲಿ ಬೀಳುವಿಕೆಯನ್ನು ನೂರಕ್ಕೆ 31ರಷ್ಟು ತಗ್ಗಿಸಿದುದನ್ನು 2012ರಲ್ಲಿ ಪ್ರಕಟಿಸಿತು. ಮುಂದೆ ಪಾರ್ಶ್ವವಾಯುವಾದವರ ಮನೆಗಳಲ್ಲಿ ನಡೆಸಿದ ಪ್ರಯೋಗದಲ್ಲಿಯೂ ಬೀಳುವಿಕೆ ಸುಮಾರು ಮೂರರಲ್ಲೊಂದು ಪಾಲು ಕಡಿಮೆಯಾಯಿತು.

ಹಾಗಾದರೆ ಮನೆಯವರಿಗೇ ಒಮ್ಮೆ ಕಲಿಸಿ ಬಿಟ್ಟುಬಿಟ್ಟರೆ ಸಾಲದೆ ಎಂದು ಯಾರಾದರೂ ಕೇಳಬಹುದು. ಈ ಪ್ರಶ್ನೆಗೆ ನಮ್ಮ ದೇಶದ ನೆಲದಲ್ಲಿಯೇ ಉತ್ತರ ದೊರೆತಿದೆ. ಸಿಡ್ನಿಯ ರಿಚರ್ಡ್ ಲಿಂಡ್ಲಿ, ಲುಧಿಯಾನದ ಜಯರಾಜ್ ಪಾಂಡಿಯನ್ ಮೊದಲಾದವರು ಭಾರತದ 14 ಆಸ್ಪತ್ರೆಗಳ 1,250 ರೋಗಿಗಳನ್ನು ಸೇರಿಸಿಕೊಂಡು, ಕುಟುಂಬದವರಿಗೆ ತರಬೇತಿ ಕೊಟ್ಟು ಮನೆಯಲ್ಲಿ ಅವರಿಂದಲೇ ಪುನಶ್ಚೇತನ ಮಾಡಿಸಿದ ಪ್ರಯೋಗದ ಫಲ 2017ರಲ್ಲಿ ಪ್ರಕಟವಾಯಿತು. ಆರು ತಿಂಗಳ ಬಳಿಕ ತೀರಿಕೊಂಡವರೂ ಪರಾವಲಂಬಿಗಳಾಗಿಯೇ ಉಳಿದವರೂ ಸೇರಿ, ತರಬೇತಿ ಪಡೆದ ಮತ್ತು ಪಡೆಯದ ಎರಡೂ ಗುಂಪುಗಳಲ್ಲಿ ನೂರಕ್ಕೆ 47 ಮಂದಿಯಿದ್ದರು; ತರಬೇತಿಯಿಂದ ವ್ಯತ್ಯಾಸವಾಗಲಿಲ್ಲ. ಮನೆಯವರ ಪ್ರೀತಿಗೆ ಇದರಿಂದ ಕುಂದೇನೂ ಇಲ್ಲ. ಬಲ್ಲವರ ಕಣ್ಣು ವಾರವಾರವೂ ನೋಡುತ್ತ, ಇಂದು ಸುಲಭವಾದುದನ್ನು ನಾಳೆ ಒಂದು ಹಂತ ಕಠಿಣಗೊಳಿಸುತ್ತ ಹೋಗದಿದ್ದರೆ, ಪ್ರೀತಿಯು ಸಹಜವಾಗಿಯೇ ರೋಗಿಯನ್ನು ಕೂರಿಸಿ ಸಾಕುವ ಕಡೆಗೆ ವಾಲುತ್ತದೆ. ‘ಪಾಪ, ಸುಮ್ಮನಿರಲಿ’ ಎಂಬ ಕರುಣೆಯೂ ‘ಬಿದ್ದಾರು’ ಎಂಬ ಅಂಜಿಕೆಯೂ ಕೂಡಿಕೊಂಡು ನಮ್ಮ ಎಷ್ಟೋ ಹಿರಿಯರನ್ನು ಮಂಚಕ್ಕೆ ಕಟ್ಟಿಹಾಕಿವೆ. ಕಣ್ಣಿಲ್ಲದ ಕೈಯೂ ಕೈಯಿಲ್ಲದ ಕಣ್ಣಿನಂತೆಯೇ ಅಪೂರ್ಣ.

ವಿದೇಶದಲ್ಲಿರುವ ಕನ್ನಡ ಕುಟುಂಬಗಳಿಗೆ ಈ ವಿಷಯ ಇನ್ನೂ ಒಂದು ಕಾರಣದಿಂದ ಮುಖ್ಯವಾದುದು. ಮಗನ ಮನೆಗೋ ಮಗಳ ಬಾಣಂತನಕ್ಕೋ ಬಂದ ತಂದೆತಾಯಿಗಳು ಪ್ರವಾಸಿ ವೀಸಾದವರಾದುದರಿಂದ ಆಸ್ಟ್ರೇಲಿಯ ಸರ್ಕಾರದ ಮೆಡಿಕೇರ್ ಆರೋಗ್ಯ ವ್ಯವಸ್ಥೆಗೆ ಸೇರುವುದಿಲ್ಲ. ಅಲ್ಲಿರುವಾಗ ಪಾರ್ಶ್ವವಾಯುವಾದರೆ, ವಿಮೆಯ ಹಣ ಮುಗಿಯುವ ಹೊತ್ತಿಗೆ ಊರಿಗೆ ಮರಳಬೇಕಾಗುತ್ತದೆ, ಅಲ್ಲಿಗೆ ಅಭ್ಯಾಸದ ಎಳೆ ಕಡಿಯುತ್ತದೆ. ಹುಬ್ಬಳ್ಳಿಯಲ್ಲೋ ಮೈಸೂರಿನಲ್ಲೋ ಅಪ್ಪ ಮಲಗಿದ್ದು, ಮಕ್ಕಳು ಪರ್ತ್ ಬ್ರಿಸ್ಬೇನ್‌ಗಳಲ್ಲಿರುವ ಸಂಸಾರಗಳಂತೂ ಇನ್ನೂ ಹೆಚ್ಚು. ಪರ್ತ್‌ನ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದೆ, ಬ್ರಿಸ್ಬೇನ್‌ನದು ನಾಲ್ಕೂವರೆ ಗಂಟೆ ಮುಂದೆ, ಅಡಿಲೇಡ್‌ನದು ಋತುವನ್ನನುಸರಿಸಿ ನಾಲ್ಕೋ ಐದೋ ಗಂಟೆ ಮುಂದೆ. ಆದ್ದರಿಂದ ಊರಿನ ಬೆಳಗ್ಗೆ ಹತ್ತರ ಪಾಠಕ್ಕೆ ಪರ್ತ್‌ನ ಮಗಳು ಮಧ್ಯಾಹ್ನ ಹನ್ನೆರಡೂವರೆಗೆ, ಊಟದ ಬಿಡುವಿನಲ್ಲಿ, ಮೂರನೆಯ ಪರದೆಯಾಗಿ ಸೇರಿಕೊಳ್ಳಬಹುದು. ‘ಚೆನ್ನಾಗಿದ್ದೀನಮ್ಮ’ ಎಂದು ಫೋನಿನಲ್ಲಿ ಮುಚ್ಚಿಟ್ಟುದನ್ನು ಪಾದದ ನಡುಕವು ಅಲ್ಲಿ ತಾನಾಗಿ ಹೇಳುತ್ತದೆ. ಮಕ್ಕಳು ಹಣ ಕಳಿಸುವುದರ ಜೊತೆಗೆ ವಾರಕ್ಕೊಂದು ಅರ್ಧ ಗಂಟೆಯನ್ನು ಹೀಗೆ ಕಳಿಸಿದರೆ, ಅದು ಚಿಕಿತ್ಸೆಯ ಭಾಗವೇ ಆಗುತ್ತದೆ.

ಎಚ್ಚರಿಕೆಯ ಮಾತುಗಳನ್ನೂ ಹೇಳಲೇಬೇಕು. ಆಧಾರವಿಲ್ಲದೆ ಕುಳಿತುಕೊಳ್ಳಲೂ ಆಗದವರು, ಬಲಗುಂದಿದ ಪಕ್ಕಕ್ಕೆ ಮೈ ನೂಕಿಕೊಳ್ಳುವವರು, ಹೇಳಿದುದನ್ನು ಗ್ರಹಿಸಲಾರದವರು, ಮನೆಯಲ್ಲಿ ಜೊತೆಗಾರರಿಲ್ಲದವರು ನಿಂತು ಮಾಡುವ ಅಭ್ಯಾಸವನ್ನು ಪರದೆಯ ಮೂಲಕ ಆರಂಭಿಸಕೂಡದು. ಅವರಿಗೆ ಹತ್ತಿರದ ಕೈಯೇ ಮೊದಲು ಬೇಕು. ಮೊದಲನೆಯ ಪರೀಕ್ಷೆ ಸಾಧ್ಯವಾದಷ್ಟೂ ಎದುರಿನಲ್ಲಿಯೇ ಆಗಲಿ. ತಲೆಸುತ್ತು, ಎದೆನೋವು ಬಂದರೆ ಪಾಠ ನಿಲ್ಲಬೇಕು. ಮುಖ ಸೊಟ್ಟಗಾಗುವುದು, ತೋಳು ಜೋಲುವುದು, ಮಾತು ತೊದಲುವುದು ಹೊಸದಾಗಿ ಕಂಡರೆ ಒಂದು ನಿಮಿಷವನ್ನೂ ಕಳೆಯದೆ ಆಸ್ಟ್ರೇಲಿಯದಲ್ಲಿ 000ಕ್ಕೆ, ಕರ್ನಾಟಕದಲ್ಲಿ 108ಕ್ಕೆ ಕರೆ ಹೋಗಬೇಕು. ಪಾಠ ಹೇಳುವವರ ಬಳಿ ಮನೆಯ ಪೂರ್ತಿ ವಿಳಾಸವೂ, ಕರೆ ಕಡಿದರೆ ತಲುಪಬಹುದಾದ ಇನ್ನೊಂದು ಫೋನ್ ಸಂಖ್ಯೆಯೂ ಇರತಕ್ಕದ್ದು.

ಕೊನೆಗೆ ಸರ್ಕಾರಗಳ ಹೊಣೆ. ಕೋವಿಡ್ ಕಾಲದಲ್ಲಿ, 2020ರ ಮಾರ್ಚಿನಿಂದ, ಆಸ್ಟ್ರೇಲಿಯವು ಫೋನ್ ಮತ್ತು ವಿಡಿಯೋ ಚಿಕಿತ್ಸೆಗೆ ಮೆಡಿಕೇರ್‌ನಿಂದ ಹಣ ಕೊಡತೊಡಗಿ, 2022ರಲ್ಲಿ ಅದನ್ನು ಶಾಶ್ವತಗೊಳಿಸಿತು. ಇದು ಶ್ಲಾಘನೀಯವಾದರೂ, ದೀರ್ಘಕಾಲದ ಕಾಯಿಲೆಯವರಿಗೆ ಆ ಏರ್ಪಾಡಿನಲ್ಲಿ ದೊರೆಯುವುದು ಫಿಸಿಯೋಥೆರಪಿಯೇ ಮೊದಲಾದ ಎಲ್ಲ ಸೇವೆಗಳೂ ಸೇರಿ ವರ್ಷಕ್ಕೆ 5 ಭೇಟಿಗಳು ಮಾತ್ರ. ವೆಲೆನ್ಸಿಯಾದವರಿಗೆ ಪ್ರಗತಿ ಕಾಣಲು 20 ಪಾಠಗಳು ಬೇಕಾದುವೆಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ನಮ್ಮಲ್ಲಿ ಸರ್ಕಾರದ ಇ-ಸಂಜೀವಿನಿ ಸೇವೆಯ ಮೂಲಕ ಹಳ್ಳಿಯವರಿಗೂ ವೈದ್ಯರ ಸಲಹೆ ಪರದೆಯ ಮೇಲೆ ದೊರೆಯುತ್ತಿದೆ; ನಿಮ್ಹಾನ್ಸ್ ಸಂಸ್ಥೆಯೊಡನೆ ಕರ್ನಾಟಕವು ಮಿದುಳಿನ ಆರೋಗ್ಯದ ಯೋಜನೆಯನ್ನು ಕೈಗೊಂಡಿದೆ; ಮಣಿಪಾಲದಲ್ಲಿ ಪಾರ್ಶ್ವವಾಯುವಿನ ಪುನಶ್ಚೇತನಕ್ಕೇ ಮೀಸಲಾದ ಸಂಶೋಧನ ಕೇಂದ್ರವಿದೆ. ಇವುಗಳ ಸಾಲಿಗೆ ಫಿಸಿಯೋಥೆರಪಿಸ್ಟರ ವಾರದ ವಿಡಿಯೋ ಪಾಠವೂ, ಆ ಪಾಠ ನಡೆಯುವಾಗ ರೋಗಿಯ ಪಕ್ಕದಲ್ಲಿ ನಿಲ್ಲುವುದಕ್ಕೆ ತರಬೇತಾದ ಆಶಾ ಕಾರ್ಯಕರ್ತೆಯೂ, ಆಕೆಗೆ ಆ ಕೆಲಸಕ್ಕಾಗಿ ಪ್ರತ್ಯೇಕವಾದ ಸಂಭಾವನೆಯೂ ಸೇರಬೇಕು. ಆಸ್ಪತ್ರೆಯ ಹಾಸಿಗೆ ಬೇಗ ಖಾಲಿಯಾಗಲೆಂದು ರೋಗಿಯನ್ನು ಮನೆಗೆ ಕಳಿಸಿ, ಕೈಗೊಂದು ತಂತ್ರಾಂಶವನ್ನು ಕೊಟ್ಟು ಕರ್ತವ್ಯ ಮುಗಿಯಿತೆನ್ನುವ ಅಗ್ಗದ ದಾರಿಯನ್ನು ಯಾವ ಸರ್ಕಾರವೂ ಹಿಡಿಯಕೂಡದು. ಬಿದ್ದವರು ಮತ್ತೆ ಎದ್ದು ನಿಲ್ಲುವುದು ಅವರ ಹಕ್ಕು. ಅದಕ್ಕೆ ದೂರದ ಕಣ್ಣನ್ನೂ ಹತ್ತಿರದ ಕೈಯನ್ನೂ ಒಟ್ಟಿಗೇ ಒದಗಿಸಿಕೊಡುವುದು ಸಮಾಜದ ಕರ್ತವ್ಯ.